ಮೂರು ಅರಿವೆಯ ಬುತ್ತಿ

ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ೧೯೯೭ರಲ್ಲಿ, ನಾನು ಅಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನಮ್ಮೂರು ಗಂಗಾವತಿ. ಇನ್ನೊಬ್ಬ ಹುಡುಗಿಯ ಜೊತೆ ಸೇರಿ ಕೊಪ್ಪಳದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಡುಗೆ ಮಾಡಿಕೊಳ್ಳಲು ನನಗೆ ಬರುತ್ತಿರಲಿಲ್ಲ, ಬಂದಿದ್ದರೂ ಮಾಡಿಕೊಳ್ಳುವವಳಲ್ಲ. ದಿನಾ ಮುಂಜಾನೆ ಗಂಗಾವತಿ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ನಮ್ಮ ಕಡೆ ಪರವೂರಲ್ಲಿ ಓದುವ ಮಕ್ಕಳೆಲ್ಲ ಉಂಡದ್ದು ಹಾಗೆಯೇ. ಮನೆಯವರು ರೊಟ್ಟಿ ಪಲ್ಯ ಕಟ್ಟಿ ಬಸ್ಸಿನಲ್ಲಿ ಇಡುತ್ತಾರೆ, ಕಂಡಕ್ಟರ್ ಹೇಳಿದ ಊರಲ್ಲಿ ಇಳಿಸುತ್ತಾನೆ, ಹಸಿದವರು ಹೋಗಿ ಎತ್ತಿಕೊಳ್ಳುತ್ತಾರೆ. ಅದಕ್ಕೆ ಚೀಟಿಯಿಲ್ಲ, ರಸೀದಿಯಿಲ್ಲ.

ಆ ಬುತ್ತಿಯನ್ನು ಗಂಗಾವತಿಯ ಬಸ್ ಸ್ಟ್ಯಾಂಡಿಗೆ ಒಯ್ದು ಕೊಡುವುದು ನನ್ನ ತಮ್ಮನ ಕೆಲಸ. ಆಗಿನ್ನೂ ಅವನು ಸಾಲಿಗೆ ಹೋಗುತ್ತಿದ್ದ, ಅಂದರೆ ಮನಸ್ಸು ಬಂದ ದಿನ ಹೋಗುತ್ತಿದ್ದ. ಹಬ್ಬದ ಮರುದಿನ ಅವ್ವ ಐದು ಹೋಳಿಗೆ ಕಟ್ಟಿದರೆ ನನಗೆ ಮೂರು ಮುಟ್ಟುತ್ತಿದ್ದವು. ತಮ್ಮನನ್ನು ಕೇಳಿದರೆ, "ದಾರ್ಯಾಗ ಕಂಡಕ್ಟರ್ ತಿಂದಿರಬೇಕಕ್ಕಾ, ಅವರಿಗೇನು ಹಸಿವಿ ಇರೂದಿಲ್ಲೇನು?" ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮರುದಿನ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕಂಡಕ್ಟರನನ್ನು ತರಾಟೆಗೆ ತೆಗೆದುಕೊಂಡೆ. ವಯಸ್ಸಾದ ಮನುಷ್ಯ. ಟಿಕೆಟ್ ಚೀಲ ಸರಿಮಾಡಿಕೊಂಡು ಹೇಳಿದ, "ತಂಗೀ, ನಾವು ಬುತ್ತಿ ಒಯ್ಯೂ ಮಂದಿ ಬೇ. ಬಿಚ್ಚಿ ನೋಡೂ ಮಂದಿ ಅಲ್ಲ." ಊರಿಗೆ ಹೋದಾಗ ತಮ್ಮನ ಕಿವಿ ಹಿಂಡಿದೆ. ಅವನು ನಗುತ್ತಲೇ ಓಡಿ ಹೋಗಿ ಅವ್ವನ ಸೀರೆಯ ಹಿಂದೆ ಅಡಗಿದ.

ಅಪ್ಪ ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅಷ್ಟರಲ್ಲೇ ತೀರಿಕೊಂಡಿದ್ದ. ತಮ್ಮ ಹತ್ತನೆಯ ಇಯತ್ತೆಗೆ ಶರಣು ಹೊಡೆದು ಅದೇ ಮಿಲ್ಲಿಗೆ ಫಿಟ್ಟರ್ ಕೆಲಸ ಕಲಿಯಲು ಹೋದ. ನಾನು ಗಂಗಾವತಿಯಲ್ಲಿ ಒಂದು ಇಂಟರ್ನೆಟ್ ಸೆಂಟರ್ ತೆಗೆದೆ. ನಾಲ್ಕು ಕಂಪ್ಯೂಟರು, ಒಂದು ಟೆಲಿಫೋನ್ ಲೈನು. ಫಲಿತಾಂಶದ ದಿನ ಜನ ಬೀದಿಯವರೆಗೂ ನಿಲ್ಲುತ್ತಿದ್ದರು, ಉಳಿದ ದಿನ ನೊಣ ಹೊಡೆಯುತ್ತ ಕೂತಿರುತ್ತಿದ್ದೆ. ತಮ್ಮ ಸಂಜೆ ಮಿಲ್ಲಿನಿಂದ ಮೈತುಂಬ ತೌಡು ಮೆತ್ತಿಕೊಂಡು ಬಂದು ಕೀಬೋರ್ಡ್ ಮುಟ್ಟುತ್ತಿದ್ದ, ನಾನು ಬೈಯುತ್ತಿದ್ದೆ. ಮೊಬೈಲಿನಲ್ಲೇ ಎಲ್ಲರಿಗೂ ಇಂಟರ್ನೆಟ್ ಬಂದ ಮೇಲೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಬಾಗಿಲು ಎಳೆದು ಕುಷ್ಟಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನಾಲ್ಕು ಕಂಪ್ಯೂಟರಿನಲ್ಲಿ ಮೂರನ್ನು ಗುಜರಿಗೆ ಕೊಟ್ಟೆ. ಒಂದನ್ನು, ಯಾಕೋ ಮನಸ್ಸು ಬಾರದೆ, ಮನೆಗೆ ತಂದಿಟ್ಟೆ.

ತಮ್ಮ ಮಾತ್ರ ಕೆಲಸದಲ್ಲಿ ಪಳಗಿದ. ನವಲಿಯಿಂದ ಆಚೆಯ ಮಿಲ್ಲುಗಳವರೂ ಯಂತ್ರ ಕೆಟ್ಟರೆ ಅವನನ್ನೇ ಕರೆಸುತ್ತಿದ್ದರು. ಹಾಗಿರುವಾಗ ಭತ್ತ ಬೆಳೆಯುವ ಪೂರ್ವದ ಕಡೆಯ ಒಂದು ದೇಶದಲ್ಲಿ ಹೊಸ ಮಿಲ್ಲು ಕೂಡಿಸುವ ಕೆಲಸ ಬಂತು. ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ತಿಳಿಯುತ್ತದೆ. ಎರಡು ವರ್ಷ ಅಂತ ಹೋದವನು ಅಲ್ಲೇ ನಿಂತ. ಅವ್ವನ ತವರು ಯಲಬುರ್ಗಾದ ಕಡೆ, ಜೋಳದ ಸೀಮೆ. ಅನ್ನ ಅಂದರೆ ಅವಳಿಗೆ ಊಟವೇ ಅಲ್ಲ. "ಇಲ್ಲಿ ಅನ್ನ ಸಾಲಲಿಲ್ಲ ಅಂತ ಭಾಡ್ಯಾ ಅಲ್ಲಿಗೆ ಹೋಗ್ಯಾನ" ಎಂದು ಬೈಯುತ್ತಲೇ ಅವನ ಪೆಟ್ಟಿಗೆಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿದಳು. ಅವನು ಎಲ್ಲಕ್ಕಿಂತ ಮೇಲೆ ಅಪ್ಪನ ಪಾನಾಗಳನ್ನು ಇಟ್ಟುಕೊಂಡ. ಪಾನಾ ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರು.

ದಿನಾ ಸಂಜೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಅವ್ವನ ಜೊತೆ ಮಾತಾಡುತ್ತಿದ್ದ. ಪ್ರತಿ ವರ್ಷ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಅಲ್ಲಿಯೂ ಪಾನಾಗಳನ್ನು ತೊಳೆದು, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಫೋಟೋ ಕಳಿಸುತ್ತಿದ್ದ. ಮರುದಿನ ದಸರೆಗೆ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅಂತ ಸುದ್ದಿ. ಅಲ್ಲಿ ಬನ್ನಿ ಗಿಡ ಇಲ್ಲ, ಬೇರೆ ಯಾವುದೋ ಎಲೆಯ ಚಿತ್ರ ಕಳಿಸಿ ಇದನ್ನೇ ಬನ್ನಿ ಅಂತ ತಿಳಿ ಅನ್ನುತ್ತಿದ್ದ. ಅವ್ವ ಮೊಬೈಲಿನ ಗಾಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಕರೋನಾದ ಎರಡನೆಯ ವರ್ಷ ಆ ದೇಶದಲ್ಲಿ ಸೈನ್ಯ ಬೀದಿಗಿಳಿಯಿತು. ವಿಮಾನ ಮೊದಲೇ ನಿಂತಿದ್ದವು, ಈಗ ಇಂಟರ್ನೆಟ್ಟನ್ನೂ ಹಿಸುಕಿದರು. ನಾವು ಬಳಸುತ್ತಿದ್ದ ಆಪ್‌ಗಳೆಲ್ಲ ಅಲ್ಲಿ ಸತ್ತವು. ತಮ್ಮನ ಮುಖ ಕಾಣುವುದು ನಿಂತಿತು. ಯಾವಾಗಲಾದರೊಮ್ಮೆ ಸಾದಾ ಫೋನು ಹತ್ತುತ್ತಿತ್ತು, ಅದರಲ್ಲೂ ಯಾರೋ ಕಿವಿಗೊಟ್ಟಿರುತ್ತಾರೆ ಎಂಬ ಅಂಜಿಕೆ. "ಉಂಡೇನವ್ವಾ, ಆರಾಮದೀನಿ" ಎನ್ನುವುದರೊಳಗೆ ಕಟ್ಟಾಗುತ್ತಿತ್ತು. ಅವ್ವ ಅನ್ನ ಬಿಟ್ಟಳು ಅಂತ ಹೇಳಲಾರೆ, ಅವಳು ಅನ್ನ ಉಣ್ಣುತ್ತಲೇ ಇರಲಿಲ್ಲ. ರೊಟ್ಟಿ ಬಿಟ್ಟಳು. ತಟ್ಟುವುದು, ಸುಡುವುದು, ನನ್ನ ತಾಟಿಗೆ ಹಾಕುವುದು, ತಾನು ಚಹಾ ಕುಡಿದು ಮಲಗುವುದು. ಮಗನ ಸುದ್ದಿ ದಿನಾ ಬರುವ ಹಾಗೆ ಮಾಡದಿದ್ದರೆ ಈಕೆ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ನಾನೂ ಕಂಪ್ಯೂಟರಿನಲ್ಲೇ ಕೂದಲು ಹಣ್ಣು ಮಾಡಿಕೊಂಡವಳು, ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

ಕಾಲೇಜು ಮುಚ್ಚಿತ್ತು, ಮನೆಯಲ್ಲೇ ಇದ್ದೆ. ಓದುತ್ತ ಹೋದಂತೆ ಒಂದು ದಾರಿ ಕಂಡಿತು. ಹೀಗೆ ಬಾಗಿಲು ಮುಚ್ಚಿದ ದೇಶಗಳ ಜನರಿಗೆಂದು ಜಗತ್ತಿನ ಎಲ್ಲೆಲ್ಲಿಯದೋ ಮಂದಿ ತಮ್ಮ ಮನೆಯ ಕಂಪ್ಯೂಟರುಗಳನ್ನು ಬಿಟ್ಟುಕೊಟ್ಟಿದ್ದಾರೆ. ಒಬ್ಬರ ಮಾತು ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೈ ಬದಲಿಸುತ್ತ ಹೋಗುತ್ತದೆ. ಇದಕ್ಕೆ ರಿಲೇ ಅನ್ನುತ್ತಾರೆ. ಹೇಳಿದವರು ಯಾರು, ಕೇಳಿದವರು ಯಾರು ಎಂದು ನಡುವಿನ ಯಾರಿಗೂ ಪೂರ್ತಿ ಗೊತ್ತಾಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ರಿಲೇಗಳನ್ನು ಅಲ್ಲಿಯವರು ಹುಡುಕಿ ಮುಚ್ಚಿಬಿಟ್ಟಿದ್ದರು. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಗುಟ್ಟಿನ ರಿಲೇಯನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲಿ ಇಟ್ಟು, ಬೇಕಾದವರಿಗಷ್ಟೇ ಅದರ ವಿಳಾಸ ಹೇಳಬಹುದು. ನನ್ನ ಹಳೆಯ ಕಂಪ್ಯೂಟರು ನೆನಪಾಯಿತು. ಧೂಳು ಝಾಡಿಸಿ, ಜೋಳದ ಡಬ್ಬಿಯ ಪಕ್ಕ ಇಟ್ಟು, ಕರೆಂಟು ಹೋದರೂ ನಿಲ್ಲದಂತೆ ಇನ್ವರ್ಟರಿಗೆ ಜೋಡಿಸಿದೆ.

ಮನೆಗೆ ನೆಟ್ ಕೊಟ್ಟವನನ್ನು ಕರೆಸಿ, ನೆಟ್ಟಿನಲ್ಲಿ ನಮ್ಮ ವಿಳಾಸ ದಿನಾ ಬದಲಾಗದ ಹಾಗೆ ಮಾಡಿಸಿದೆ. ಅವನು ವೈರು ಹಿಡಿದುಕೊಂಡೇ ಕೇಳಿದ, "ಅಕ್ಕಾರ, ಇದು ಮತ್ತ ಕಳ್ಳ ಕೆಲಸ ಅಲ್ಲ ಹೌದಲ್ರಿ?"

"ಬುತ್ತಿ ಒಯ್ಯೂ ಕೆಲಸನಪಾ" ಎಂದೆ. ಅವನಿಗೇನು ತಿಳಿಯಿತೋ, ಚಹಾ ಕುಡಿದು ಹೋದ.

ಅವ್ವನಿಗೆ ತಿಳಿಸಿ ಹೇಳುವುದು ಕಷ್ಟವಾಗಲಿಲ್ಲ. ಕಣ್ಣೆದುರಿಗೆ ಬುತ್ತಿ ಇತ್ತಲ್ಲ! "ಅವ್ವಾ, ನಿನ್ನ ಮಗ ಅಲ್ಲಿ ಬುತ್ತಿ ಕಟ್ಟತಾನ. ಒಂದರ ಮ್ಯಾಲೊಂದು ಮೂರು ಅರಿವಿ ಸುತ್ತತಾನ. ಮೊದಲು ನಮ್ಮನಿಗೆ ಬರ್ತೈತಿ. ನಾವು ಮ್ಯಾಲಿನ ಅರಿವಿ ಬಿಚ್ಚಿದ್ರ, ಮುಂದ ಯಾವ ಬಸ್ಸಿಗೆ ಕೊಡಬೇಕು ಅನ್ನೂದಷ್ಟ ಕಾಣ್ತೈತಿ. ಅವ್ರು ಇನ್ನೊಂದು ಬಿಚ್ಚಿ ಮತ್ತೊಬ್ಬರಿಗೆ ಕೊಡ್ತಾರ. ಕಡೀ ಅರಿವಿ ಬಿಚ್ಚಿದವರಿಗೆ ಮುಟ್ಟಿಸೂ ಮನಿ ಗೊತ್ತಾಕ್ಕೈತಿ, ಕಟ್ಟಿದಾಂವ ಯಾರು ಅಂತ ಗೊತ್ತಾಗೂದಿಲ್ಲ."

"ಹಂಗಾದ್ರ ನೀ ಕಂಡಕ್ಟರ್ ಆದಿ ಬಿಡವಾ" ಎಂದು ಅವ್ವ ನಕ್ಕಳು. ತಿಂಗಳಾಗಿತ್ತು ಅವಳು ನಕ್ಕು.

ಈಗ ಆ ಗುಟ್ಟಿನ ವಿಳಾಸವನ್ನು ಅವನಿಗೆ ಮುಟ್ಟಿಸಬೇಕು. ಅಂಕಿ ಅಕ್ಷರ ಬೆರೆತ ಉದ್ದನೆಯ ಸಾಲು. ಸಾದಾ ಫೋನಿನಲ್ಲಿ ಹೇಳಿದರೆ ಕೇಳುವ ಕಿವಿಗಳಿವೆ. ಫೋನು ಹತ್ತಿದ ದಿನ ಇಬ್ಬರೂ, ಸಣ್ಣವರಿದ್ದಾಗ ಆಡುತ್ತಿದ್ದ ಗುಟ್ಟಿನ ಆಟದಂತೆ, ಊಟದ ಮಾತು ತೆಗೆದೆವು. ಎ ಅಂದರೆ ಅನ್ನ, ಬಿ ಅಂದರೆ ಬದನಿಕಾಯಿ, ಸಿ ಅಂದರೆ ಚಟ್ನಿ, ಡಿ ಅಂದರೆ ಖಾರದ ಡಾಣಿ, ಇ ಅಂದರೆ ಎಣ್ಣಿಗಾಯಿ, ಹೀಗೆ. "ಮೂರು ಬದನಿಕಾಯಿ ಮಾಡಿದ್ದೆ, ಎರಡು ಡಾಣಿ ಹಾಕ್ಕೊಂಡೆ, ಆಮ್ಯಾಲೆ ಒಂದಿಷ್ಟು ಚಟ್ನಿ" ಎಂದು ನಾನು ಹೇಳುತ್ತ ಹೋದೆ. ಅವನು, "ಆತು, ಚಟ್ನಿ ಆದ ಮ್ಯಾಲೆ?" ಎಂದು ಬರೆದುಕೊಳ್ಳುತ್ತ ಹೋದ. ನಡುವೆ ಲೈನು ಕಟ್ಟಾಗಿ ಮೂರು ಸಲ ಮಾಡಬೇಕಾಯಿತು. ಕದ್ದು ಕೇಳಿದವರು ಯಾರೇ ಇರಲಿ, ಗಂಗಾವತಿಯ ಕನ್ನಡ ಅವರಿಗೇನು ಗೊತ್ತು. ಗೊತ್ತಿದ್ದರೂ, ಅಕ್ಕ ತಮ್ಮ ಇಬ್ಬರೂ ಹೊಟ್ಟೆಬಾಕರು ಅಂದುಕೊಂಡಿರಬೇಕು.

ಎರಡು ದಿನದ ಮೇಲೆ ಅವನ ಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಕನ್ನಡ: "ಅಕ್ಕಾ, ಬುತ್ತಿ ಮುಟ್ಟಿತೇನು? ಈ ಸಲ ಹೋಳಿಗಿ ತಿಂದಿಲ್ಲ." ನಾನು ಓದಿ ಹೇಳುತ್ತಿದ್ದಂತೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಹೊತ್ತು ಎರಡು ರೊಟ್ಟಿ ಉಂಡಳು.

ಅಲ್ಲಿಂದ ದಿನಾ ಸಂಜೆ ಅವಳದು ಒಂದೇ ಪ್ರಶ್ನೆ, "ಬಂದಾನೇನು?" ದಾರಿ ನಿಧಾನ, ಅವನು ಬರೆದ ಮೇಲ್ ಕೆಲವೊಮ್ಮೆ ಮರುದಿನ ಬರುತ್ತಿತ್ತು. ಆದರೆ ನಮ್ಮ ಯಂತ್ರದ ಮೂಲಕ ಅಲ್ಲಿಯ ಯಾರಾದರೂ ಹಾದುಹೋಗಿದ್ದಾರೋ ಇಲ್ಲವೋ ಎಂದು ನನ್ನ ಮೊಬೈಲಿನಲ್ಲೇ ಆಗಲೇ ನೋಡಬಹುದಿತ್ತು. ಅಷ್ಟೇ, ಅದಕ್ಕಿಂತ ಹೆಚ್ಚು ಅದು ಹೇಳುವುದಿಲ್ಲ. ಯಾರು ಎಂದು ಬರೆದಿಡುವುದೇ ಇಲ್ಲ. ಬರೆದಿಟ್ಟರೆ ತಾನೇ ನಾಳೆ ಯಾರಾದರೂ ಕಸಿದುಕೊಂಡು ಓದುವುದು? ಹಾಗಾಗಿ ನಾನು ನೋಡಿ, "ಬಂದಾರ" ಎನ್ನುತ್ತಿದ್ದೆ.

ಮೊದಲ ದಿನ ಅವ್ವ ರೇಗಿಸಿದಳು. "ಬಂದಾರ ಅಂತ ಬಂದಾರ! ಯಾವ ದೊಡ್ಡ ಸಾಹೇಬ ಆಗ್ಯಾನಂತ ನಿನ್ನ ತಮ್ಮಗ ಈ ಮರ್ಯಾದಿ? ಬಂದಾನ ಅನ್ನು."

"ಅವನ ಅಂತ ಹೆಂಗ ಹೇಳಲಿ ಬೇ? ಯಾರೋ ಬಂದಾರ ಅಂತಷ್ಟ ತೋರಸತೈತಿ. ಅವ ಇರಬಹುದು, ಅವ ಹೇಳಿಕೊಟ್ಟ ಬ್ಯಾರೆ ಯಾರರ ಇರಬಹುದು."

"ನನ್ನ ಮಗನ್ನ ಬಿಟ್ಟು ನಮ್ಮನಿಗೆ ಯಾರು ಬರ್ತಾರ, ಹೋಗ" ಎಂದಳು. ಅವಳು "ಬಂದಾನೇನು" ಎಂದು ಕೇಳುವುದನ್ನು ಬಿಡಲಿಲ್ಲ, ನಾನು "ಬಂದಾರ" ಎನ್ನುವುದನ್ನು ಬಿಡಲಿಲ್ಲ.

ನಿಜವಾಗಿ ಬೇರೆಯವರೂ ಬರುತ್ತಿದ್ದರು. ತಮ್ಮ ಒಮ್ಮೆ ಬರೆದಿದ್ದ, "ಅಕ್ಕಾ, ಈ ದಾರಿ ಇನ್ನೊಬ್ಬರಿಗೆ ಹೇಳ್ಲೇನು? ಮಿಲ್ಲಿನ್ಯಾಗ ತೂಕ ಬರಿಯೂ ಹೆಣ್ಣುಮಗಳದಾಳ. ಅಕಿ ಅಣ್ಣ ಬ್ಯಾರೆ ಊರಾಗ ಅದಾನ, ಸುದ್ದಿನ ಇಲ್ಲ." ಹೇಳು ಎಂದೆ. ಅಕಿ ಅಂದರೆ ಯಾರಪ್ಪಾ, ಫೋಟೋ ಕಳಿಸು ನೋಡೋಣ ಎಂದೂ ಕೆಣಕಿದೆ. ಭಾಡ್ಯಾ, ಪಾಲಿಷರ್ ಯಂತ್ರದ ಫೋಟೋ ಕಳಿಸಿದ. ಆದರೆ ಅವನು ಅವಳಿಗೆ ನಾಲ್ಕು ಮಾತು ಕನ್ನಡ ಕಲಿಸಿದ್ದ. ಒಂದು ದಿನ ಅವನ ಮೇಲ್‌ನ ಕೊನೆಯಲ್ಲಿ ಬೇರೆ ರೀತಿಯ ಕಾಗುಣಿತದಲ್ಲಿ, "ಅವ್ವ, ಊಟ ಆತಾ" ಎಂದಿತ್ತು. ಅವ್ವ ಅದನ್ನು ಮತ್ತೆ ಮತ್ತೆ ಓದಿಸಿಕೊಂಡಳು. "ಹುಡುಗಿ ಚಲೋ ಇರಬೇಕು" ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನ ಕೊಟ್ಟಳು.

ಅವನಿಗೆ ನಾನು ಒಂದು ಮಾತು ಖಡಾಖಂಡಿತ ಹೇಳಿದ್ದೆ. ಅಲ್ಲಿ ರಸ್ತೆಯಲ್ಲಿ ನಿಲ್ಲಿಸಿ ಜನರ ಮೊಬೈಲ್ ನೋಡುತ್ತಿದ್ದರು. ಇಂಥ ದಾರಿಯಲ್ಲಿ ಓಡಾಡುವ ಗುರುತು ಸಿಕ್ಕರೆ ಎಳೆದೊಯ್ಯುತ್ತಿದ್ದರು. ಮಿಲ್ಲಿನ ಕಂಪೌಂಡು ದಾಟುವಾಗ ಆ ಮೊಬೈಲ್ ಕೋಣೆಯಲ್ಲೇ ಇರಬೇಕು ಎಂದಿದ್ದೆ. "ನಾ ಎಲ್ಲಿ ಹೋಗಲಿ ಅಕ್ಕಾ, ದಾರಿನ ಮನಿಗೆ ಬಂದೈತಲ್ಲ" ಎಂದು ಬರೆದಿದ್ದ. ಅವ್ವನೂ ಆ ಯಂತ್ರವನ್ನು ಕೂಸಿನಂತೆ ಕಾಯುತ್ತಿದ್ದಳು. ಅದರ ಹತ್ತಿರ ನೀರಿನ ಚೊಂಬು ಇಡಗೊಡುತ್ತಿರಲಿಲ್ಲ. ಕಸ ಹೊಡೆಯುವಾಗ ವೈರಿಗೆ ಕಸಬರಿಗೆ ತಾಗದಂತೆ ಕೈಯಿಂದ ಒರೆಸುತ್ತಿದ್ದಳು.

ನವರಾತ್ರಿ ಬಂತು. ಅಷ್ಟರಲ್ಲಿ ಕಾಲೇಜು ಶುರುವಾಗಿ ನಾನು ಕುಷ್ಟಗಿಯಲ್ಲಿದ್ದೆ. ಹಬ್ಬದ ಹಿಂದಿನ ದಿನ ತಮ್ಮನ ಮೇಲ್ ಬಂತು: "ನಾಳಿ ಖಂಡೇ ಪೂಜಿ. ಇವತ್ತು ಪಾನಾ ತೊಳದಿಟ್ಟೀನಿ. ಪೂಜಿ ಮಾಡಿ ಫೋಟೋ ಕಳಸ್ತೀನಿ, ಅವ್ವಗ ಹೇಳು." ಫೋನು ಮಾಡಿ ಅವ್ವನಿಗೆ ಓದಿ ಹೇಳಿದೆ. ಮರುದಿನ ಲ್ಯಾಬಿನ ಪೂಜೆ ಮುಗಿಸಿ, ಪ್ರಸಾದದ ಮಂಡಾಳು ಹಂಚಿ, ಮಧ್ಯಾಹ್ನದ ಬಸ್ಸು ಹಿಡಿದು ಸಂಜೆಗೆ ಗಂಗಾವತಿಗೆ ಬಂದೆ. ದಾರಿಯುದ್ದಕ್ಕೂ ಲಾರಿ, ಟ್ರ್ಯಾಕ್ಟರುಗಳೆಲ್ಲ ಬಾಳೆಕಂಬ ಕಟ್ಟಿಕೊಂಡು ತೆಪ್ಪಗೆ ನಿಂತಿದ್ದವು.

ಪಡಸಾಲೆಗೆ ಕಾಲಿಟ್ಟವಳಿಗೆ ಮೊದಲು ಕಿವಿಗೇ ಏನೋ ಕಡಿಮೆ ಅನ್ನಿಸಿತು. ಕಂಪ್ಯೂಟರಿನ ಗುಂಯ್ ಎನ್ನುವ ಸದ್ದಿರಲಿಲ್ಲ. ಅವ್ವ ಮಣೆ ಹಾಕಿ ಕುಡಗೋಲು, ಈಳಿಗೆ, ಕೊಡಲಿ ಸಾಲಾಗಿ ಇಟ್ಟಿದ್ದಳು. ನಡುವೆ ನನ್ನ ಕಂಪ್ಯೂಟರು. ಒರೆಸಿ, ಮೂರೆಳೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿದ್ದಳು. ಮುಂದೆ ಕುಂಬಳಕಾಯಿ. ವೈರುಗಳನ್ನು ಬಿಚ್ಚಿ, ಜಡೆಯಂತೆ ಸುತ್ತಿ, ಪಕ್ಕಕ್ಕೆ ಇಟ್ಟಿದ್ದಳು.

"ಅವ್ವಾ! ಏನು ಮಾಡೀದಿ ಇದು?" ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಇಣುಕಿದರು.

"ಯಾಕ ಹಂಗ ಒದರ್ತಿ? ಅದೂ ದುಡಿಯೂ ಮಿಶಿನ್ ಅಲ್ಲೇನು? ಹಗಲೂ ರಾತ್ರಿ ನನ್ನ ಮಗನ ಬುತ್ತಿ ಒಯ್ದು ಒಯ್ದು ಬಿಸಿ ಆಗಿರತೈತಿ. ವರ್ಷಕ್ಕ ಒಂದಿನ ವಿಶ್ರಾಂತಿ ಕೊಟ್ರ ಏನಾಕ್ಕೈತಿ? ಮುಟ್ಟಬ್ಯಾಡ, ಪೂಜಿ ಮಾಡಿದ್ದನ್ನ ನಾಳಿ ತನಕ ಮುಟ್ಟಬಾರದು."

ನಾನು ಮುಟ್ಟಿದೆ. ಹೂವು ಕಿತ್ತೆಸೆದು, ವೈರು ಸಿಕ್ಕಿಸಿ, ಗುಂಡಿ ಒತ್ತಿದೆ. ಬಾಯಿಗೆ ಬಂದಂತೆ ಬೈದೆ. ಅವ್ವ ಗೋಡೆಗೊರಗಿ ನಿಂತು, ಏನು ತಪ್ಪಾಯಿತೆಂದು ತಿಳಿಯದೆ, ನನ್ನ ಕೈಯನ್ನೇ ನೋಡುತ್ತಿದ್ದಳು. ಮುಂಜಾನೆಯಿಂದ ಮುಚ್ಚಿದ್ದ ದಾರಿ ತೆರೆಯಿತು. ಯಾರೂ ಬಂದಿರಲಿಲ್ಲ. "ಬಂದಾನೇನು?" ಎಂದು ಅವಳು ಸಣ್ಣ ದನಿಯಲ್ಲಿ ಕೇಳಿದಳು. ನಾನು ಇನ್ನೊಮ್ಮೆ ವೈರುಗಳನ್ನು ಒತ್ತಿ ನೋಡಿದೆ.

ಮರುದಿನ ದಸರೆ. ಮಂದಿ ಬನ್ನಿ ಕೊಡಲು ಮನೆಗೆ ಬಂದರು, ನಾವೂ ಕೊಟ್ಟೆವು. ಬಂಗಾರದ್ಹಂಗ ಇರೋಣು ಎಂದು ಅವರೂ ಅಂದರು, ನಾವೂ ಅಂದೆವು. ತಮ್ಮನ ಸುದ್ದಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ಸಂಜೆ ನಮ್ಮ ಯಂತ್ರದಲ್ಲಿ ಯಾರೋ ಹಾದುಹೋದದ್ದು ಕಂಡಿತು. "ಬಂದಾರವ್ವಾ!" ಎಂದು ಚೀರಿದೆ. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸ್ವಲ್ಪ ಹೊತ್ತಿಗೆ ಮೇಲ್ ಬಂತು. ತಮ್ಮನದಲ್ಲ, ತೂಕ ಬರೆಯುವ ಆ ಹೆಣ್ಣುಮಗಳದು. ಹರಕು ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನದನ್ನು ಮನಸ್ಸಿನಲ್ಲೇ ಓದಿಕೊಂಡೆ.

ಅವತ್ತು ಅವನು ಪಾನಾಗಳನ್ನಿಟ್ಟು ಪೂಜೆ ಮಾಡಿದನಂತೆ. ಅವಳ ಹಣೆಗೂ ಕುಂಕುಮ ಇಟ್ಟನಂತೆ. ಫೋಟೋ ತೆಗೆದು ಕಳಿಸಲು ಮುಂಜಾನೆಯಿಂದ ನೋಡಿದರೂ ದಾರಿ ತೆರೆಯಲಿಲ್ಲ. ಅಕ್ಕನ ಮನೆಯ ದಾರಿ ಸಿಕ್ಕಿಬಿತ್ತೋ ಏನೋ, ಅವ್ವ ಫೋಟೋಕ್ಕೆ ಕಾಯುತ್ತಿರುತ್ತಾಳೆ ಎಂದು ಚಡಪಡಿಸಿದನಂತೆ. ಪಕ್ಕದ ಪಟ್ಟಣದ ಮೊಬೈಲ್ ಅಂಗಡಿಯವನಿಗೆ ಬೇರೆ ದಾರಿ ಗೊತ್ತಿದೆ ಎಂದು ಯಾರೋ ಹೇಳಿದ್ದರು. ಬೇಡವೆಂದರೂ ಕೇಳದೆ ಮಧ್ಯಾಹ್ನ ಸೈಕಲ್ ಮೋಟರು ತೆಗೆದುಕೊಂಡು ಹೋದ, ಆ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು. ಹೊಳೆ ದಾಟುವಲ್ಲಿ ಸೈನಿಕರು ನಿಲ್ಲಿಸಿದರು. ನೋಡಿದವರು ಹೇಳಿದ್ದು ಅಷ್ಟೇ. ಗಾಡಿ ಅಲ್ಲೇ ಬಿದ್ದಿತ್ತು. ಅವನನ್ನು ಎಲ್ಲಿಗೆ ಒಯ್ದರು ಎಂದು ಯಾರೂ ಹೇಳುತ್ತಿಲ್ಲ. ಇನ್ನು ಬರೆಯುವುದು ನನಗೂ ಅಪಾಯ, ಕ್ಷಮಿಸಿ ಎಂದಿತ್ತು. ಕೊನೆಯಲ್ಲಿ, "ಅವ್ವ, ಊಟ ಆತಾ."

ಅವ್ವ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಅವನನ್ನು ಹಿಡಿದುಕೊಂಡು ಹೋಗಿದ್ದಾರೆ ಎಂಬುದನ್ನು ಮುಚ್ಚಿಡಲು ಆಗುತ್ತಿರಲಿಲ್ಲ, ಹೇಳಿದೆ. "ಯಾವಾಗ?" ಎಂದಳು. ಮಣೆ ಇನ್ನೂ ಅಲ್ಲೇ ಇತ್ತು, ಬಾಡಿದ ಚೆಂಡು ಹೂವು ಮೂಲೆಯಲ್ಲಿ ಬಿದ್ದಿತ್ತು.

"ಹಬ್ಬಕ್ಕಿಂತ ಮೊದಲ" ಎಂದೆ.

"ಹಬ್ಬಕ್ಕಿಂತ ಮೊದಲ?"

"ಹ್ಞೂಂ. ಎರಡು ದಿನ ಮೊದಲ."

ಅವ್ವ ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತ ಕೂತಳು. ಆ ಸುಳ್ಳು ಹೇಳಿದ್ದಕ್ಕೆ ನನಗೆ ಎಂದೂ ಬೇಸರವಾಗಲಿಲ್ಲ. ನಿಜ ಕೇಳಿ ಆಕೆ ಹೇಗೆ ಬದುಕಬೇಕು? ಪೂಜೆ ಮಾಡಿದ್ದು ಅವಳು. ಅಲ್ಲಿ ಅವನು ಮಾಡಿದ್ದೂ ಅದೇ ಪೂಜೆ. ಯಾವ ದೇವರನ್ನು ಬೈಯಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕೊಪ್ಪಳದ ಕಚೇರಿಗಳಿಗೆ ಅಲೆದೆ, ಅಲ್ಲಿಂದ ಬೆಂಗಳೂರು, ದಿಲ್ಲಿ. ಪರಿಶೀಲನೆಯಲ್ಲಿದೆ ಎಂಬ ಒಂದೇ ಮಾತನ್ನು ಎಷ್ಟು ಬಗೆಯಾಗಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿದರು. ಕೆಲವರು ಒಳ್ಳೆಯವರಿದ್ದರು, ಕುರ್ಚಿ ಕೊಟ್ಟು ನೀರು ಕೊಟ್ಟು ಹೇಳಿದರು. ಒಬ್ಬ, "ಅಲ್ಲಮ್ಮಾ, ಅಷ್ಟು ಗೊತ್ತಿದ್ದೂ ಮೊಬೈಲ್ ಯಾಕೆ ಒಯ್ದ?" ಎಂದ. ಅವ್ವನಿಗೆ ಫೋಟೋ ಕಳಿಸಲು ಎಂದು ಹೇಳಿ ಎದ್ದು ಬಂದೆ. ಹೊರಗೆ ಬಂದು ಗೇಟಿನ ಹತ್ತಿರ ನಿಂತು ಅತ್ತೆ. ಹೋಗುವವರು ಬರುವವರು ನೋಡಿದರೆ ನೋಡಲಿ ಅನ್ನಿಸಿತು.

ಯಂತ್ರವನ್ನು ನಾವು ನಿಲ್ಲಿಸಲಿಲ್ಲ. ದಿನಾ ಸಂಜೆ ಅವ್ವ ಕೇಳುತ್ತಿದ್ದಳು, ನಾನು ಕುಷ್ಟಗಿಯಲ್ಲಿದ್ದರೆ ಫೋನಿನಲ್ಲಿ: "ಬಂದಾನೇನು?" ದಿನಾ ಅಲ್ಲದಿದ್ದರೂ ಆಗೀಗ ಯಾರೋ ಬರುತ್ತಿದ್ದರು. ಆ ಹೆಣ್ಣುಮಗಳೋ, ಅವಳ ಅಣ್ಣನೋ, ಅವರು ಹೇಳಿಕೊಟ್ಟ ಇನ್ನಾರೋ. ಅದಕ್ಕೇ ಆ ದೇಶದ ಹೆಸರನ್ನು ಬರೆಯಲಿಲ್ಲ. "ಬಂದಾರವ್ವಾ" ಎನ್ನುತ್ತಿದ್ದೆ. ಅವಳು ಈಗ ರೇಗಿಸುತ್ತಿರಲಿಲ್ಲ. "ಆ ಮಂದ್ಯಾಗ ಒಬ್ಬಾಂವ ಅವನ ಇರಬೇಕು" ಎನ್ನುತ್ತಿದ್ದಳು. ಅವನಲ್ಲ ಎಂದು ಯಂತ್ರ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಯಾರ ಗುರುತೂ ಉಳಿಯದಂತೆ ಕಟ್ಟಿದ ಆ ಜಾಣತನ ಮೊದಲು ನನಗೆ ಭಾಳ ಇಷ್ಟವಾಗಿತ್ತು. ಈಗ ಕೆಲವೊಮ್ಮೆ ಅದನ್ನು ಹಿಡಿದು ಅಲುಗಾಡಿಸಿ, ಹೇಳು, ಯಾರು ಬಂದಿದ್ದರು ಹೇಳು ಎಂದು ಕೇಳಬೇಕೆನ್ನಿಸುತ್ತಿತ್ತು.

ಮತ್ತೆ ಖಂಡೇ ಪೂಜೆ ಬಂತು. ಈ ಸಲ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಅವ್ವ ಮುಂಜಾನೆ ಎದ್ದು ಸಾರಿಸಿ, ಮಣೆ ಹಾಕಿ, ಕುಡಗೋಲು, ಈಳಿಗೆ, ಕೊಡಲಿ ಇಟ್ಟಳು. ಕಂಪ್ಯೂಟರಿನ ಮುಂದೆ ಬಂದು ವಿಭೂತಿಯ ಬಟ್ಟಲು ಹಿಡಿದು ನಿಂತಳು. ಅವಳು ಯಂತ್ರವನ್ನು ಮುಟ್ಟಲಿಲ್ಲ. ಅದರ ಮೇಲಿನ ಗೋಡೆಗೆ ಮೂರು ಬೆರಳು ವಿಭೂತಿ ಎಳೆದಳು. ಹೂವನ್ನು ಗಾಳಿ ಆಡುವ ಕಿಂಡಿಗೆ ಅಡ್ಡವಾಗದಂತೆ ದೂರಕ್ಕೆ ಇಟ್ಟಳು.

"ದುಡೀಲಿ. ಇದಕ್ಕ ವಿಶ್ರಾಂತಿ ಬ್ಯಾಡ" ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, "ಹಬ್ಬದ ಹಿಂದಿನ ದಿನ ಪಾನಾ ತೊಳದಿಟ್ಟೀನಿ ಅಂತ ಬರದಿದ್ದ. ನೀನ ಫೋನಿನ್ಯಾಗ ಓದಿ ಹೇಳಿದ್ದಿ."

ಒಂದು ವರ್ಷ. ಪೂರ್ತಿ ಒಂದು ವರ್ಷ ಇವಳು ಅದನ್ನು ತಿಳಿದುಕೊಂಡೇ ರೊಟ್ಟಿ ತಟ್ಟಿದ್ದಳು, ನನ್ನ ಸುಳ್ಳನ್ನು ಸುಳ್ಳೆನ್ನದೆ ಇಟ್ಟುಕೊಂಡಿದ್ದಳು. "ಅವ್ವಾ..." ಎಂದೆ. ಅವಳ ಕಾಲ ಹತ್ತಿರ ಕೂತು ಅತ್ತೆ. ಅವಳು ವಿಭೂತಿ ಹತ್ತಿದ ಕೈಯನ್ನೇ ನನ್ನ ತಲೆಯ ಮೇಲಿಟ್ಟಳು. "ಸಾಕು ಏಳು, ಮುಖ ತೊಳ್ಕೊ" ಎಂದಳು.

ಸಂಜೆ ಅವಳು ಒಲೆಯ ಮುಂದಿದ್ದಳು. ನಾನು ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಒಳಗಿನಿಂದ ದನಿ ಬಂತು.

"ಬಂದಾರೇನು?"

ತಪ್ಪಿ ಕೇಳಿಸಿಕೊಂಡೆನೇನೋ ಎಂದು ಮೊಬೈಲಿನಿಂದ ತಲೆಯೆತ್ತಿದೆ. ಅವಳು ಇನ್ನೊಮ್ಮೆ ಕೇಳಿದಳು, ಅದೇ ಮಾತು, ಸಾವಕಾಶ. "ಬಂದಾರೇನು?"

ನೋಡಿದೆ. "ಬಂದಾರವ್ವಾ" ಎಂದೆ.

"ಬರ್ಲಿ" ಎಂದು ಅವ್ವ ರೊಟ್ಟಿ ತಿರುವಿ ಹಾಕಿದಳು.